ಗಾಳಿ ಮುಟ್ಟದ ಬಾಟ್ಲಿ

ನನ್ನ ಕೈಗುಣ ಸರಿ ಇಲ್ಲಂತ ನಮ್ಮ ಲ್ಯಾಬಿನ ಸಾಹೇಬರು ಎಲ್ಲರ ಮುಂದ ಅಂದ್ರು. ಒಬ್ಬಾಕಿನೇ ಇದ್ದಾಗ ಅಂದಿದ್ರ ನುಂಗಿಕೊಂಡು ಸುಮ್ನಾಗ್ತಿದ್ದೆನೋ ಏನೋ. ಅವರು ಅಂದಿದ್ದು ಚಹಾದ ಹೊತ್ತಿನಾಗ, ಕಪ್ಪು ಕೈಯಾಗ ಹಿಡಕೊಂಡು, ನಗ್ತಾ.

"ಸಿಸ್ಟರ್, ನೀವು ಮುಟ್ಟಿದ ಬಾಟ್ಲಿ ಒಂದೂ ಉಳಿಯವಲ್ಲದು ನೋಡ್ರಿ. ಕೈಗುಣ ಅಂತ ಒಂದು ಇರ್ತದ."

ಮಂದಿ ನಕ್ಕರು. ನಾನೂ ಹಲ್ಲು ಕಿಸಿದೆ, ಸುಳ್ಳು ಯಾಕ ಹೇಳಲಿ. ಆದ್ರ ಭಾಲ್ಕಿಗಿ ವಾಪಸ್ ಹೋಗೋ ಬಸ್ಸಿನಾಗ ಕಿಡಕಿ ಪಕ್ಕ ಕುಂತು ನನ್ನ ಎರಡೂ ಕೈ ಹೊರಳಿಸಿ ಹೊರಳಿಸಿ ನೋಡಿಕೊಂಡೆ. ಏನಾಗ್ಯಾದ ಇವುಕ್ಕ? ಇವೇ ಕೈಲೆ ಆರು ವರ್ಷ ಆ ಲ್ಯಾಬಿನ ಗಾಜು ತೊಳ್ದೀನಿ, ಒಂದು ನಳಗಿ ಒಡೆದಿಲ್ಲ. ಆ ಬಾಟ್ಲ್ಯಾಗಿನ ಜೀವ ಬೆಳೆಸೇ ಬಿಡ್ತೇನಿ, ಅದೂ ಇದೇ ಕೈಲೆ ಅಂತ ಅವತ್ತು ಜಿದ್ದು ಹಿಡಿದೆ.

"ಸಿಸ್ಟರ್" ಅನ್ನೋದು ಮರ್ಯಾದಿಗಿ ಅಲ್ಲ, ಚೇಷ್ಟಿಗಿ. ನಾ ಎರಡು ವರ್ಷ ನರ್ಸಿಂಗ್ ಕಲಿತು ಬಿಟ್ಟು, ಆಮ್ಯಾಲ ಭಾಲ್ಕಿಯಾಗ ವಿಜ್ಞಾನದ ಡಿಗ್ರಿ ಮುಗಿಸಿದಾಕಿ. ನರ್ಸಿಂಗ್ ಬಿಟ್ಟರೂ ಅದು ನನ್ನ ಬಿಡಲಿಲ್ಲ. ನಮ್ಮವ್ವ ನರ್ಸು. ಔರಾದ್ ತಾಲೂಕಿನ ಹಳ್ಳಿಹಳ್ಳಿಗಿ ಸೂಜಿ ಡಬ್ಬಿ ಹಿಡಕೊಂಡು ನಡಕೋತ ಹೋದಾಕಿ. ಸೂಜಿ ಹಿಡಿಯೋದು ನಾ ಅಕ್ಷರ ಕಲಿಯೋಕಿಂತ ಮೊದಲು ನೋಡಿ ಕಲ್ತೀನಿ.

ಲ್ಯಾಬು ಇರೋದು ಬೀದರದಾಗ, ಊರು ದಾಟಿ ಕೊಳಾರ ಕಡಿ ಹೋಗೋ ದಾರಿಗಿ. ಕಾಯಿಪಲ್ಲೆ ಬಜಾರದ ಹಸಿ ಕಸದಿಂದ ಗ್ಯಾಸ್ ಮಾಡಬೇಕು ಅನ್ನೋದು ಅಲ್ಲಿನ ಕೆಲಸ. ಗ್ಯಾಸ್ ಮಾಡೋರು ನಾವಲ್ಲ, ಮೀಥೇನ್ ಜೀವಿಗಳು. ಕಣ್ಣಿಗಿ ಕಾಣಲಾರದಷ್ಟು ಸಣ್ಣವು. ದನದ ಹೊಟ್ಟ್ಯಾಗ, ಕೆರಿ ತಳದ ರಾಡ್ಯಾಗ, ಸಗಣಿ ಗ್ಯಾಸಿನ ಗುಂಡ್ಯಾಗ ಇರ್ತಾವ. ನಮ್ಮ ಬಾಟ್ಲ್ಯಾಗ ಇದ್ದವು ಹೈಡ್ರೋಜನ್ ತಿಂದು, ನಾವು ಉಸಿರು ಬಿಡೋ ಇಂಗಾಲದ ಗಾಳಿ ತಿಂದು, ಮೀಥೇನ್ ಬಿಡೋ ಜಾತಿಯವು. ಅವುಕ್ಕ ಒಂದೇ ವೈರಿ. ನಾವು ನೀವು ಯಾವ ಗಾಳಿ ಇಲ್ಲಂದ್ರ ಸಾಯ್ತೇವೋ, ಅದೇ ಗಾಳಿ ಸೋಕಿದ್ರ ಅವು ಸಾಯ್ತಾವ. ನಾ ಅವುಕ್ಕ "ನಮ್ಮ ಮಂದಿ" ಅಂತಿದ್ದೆ. ಸಾಹೇಬರಿಗಿ ಅದೂ ನಗು.

ಈ ನಮ್ಮ ಮಂದಿನ ತಂದಾಕಿನೂ ನಾನೇ. ಔರಾದ್ ಕಡಿ ನಮ್ಮ ಚಿಗವ್ವನ ಮನ್ಯಾಗ ಒಂದು ಜೋಡಿ ದೇವಣಿ ಎತ್ತು ಅವ, ಹಿತ್ತಲದಾಗ ಹಳೇ ಗೋಬರ್ ಗ್ಯಾಸಿನ ಗುಂಡಿ ಅದ. ಇವತ್ತಿಗೂ ಆಕಿ ರೊಟ್ಟಿ ಬೇಯೋದು ಆ ಗ್ಯಾಸಿನ ಮ್ಯಾಲೇ. ಆ ಗುಂಡಿ ತಳದ ಸಗಣಿ ನೀರು ಬಾಟ್ಲಿ ಕಂಠದ ತನ ತುಂಬಿ, ಒಂದು ಗುಳ್ಳಿ ಗಾಳಿ ಉಳೀಲಾರದಂಗ ಬಿರಡಿ ಬಡಿದು ತಂದಿದ್ದೆ. "ನಮ್ಮ ಸಗಣಿ ಬೀದರಕ್ಕ ಸಾಲಿ ಕಲೀಲಿಕ್ಕ ಹೊಂಟದ" ಅಂತ ಚಿಗವ್ವ ಊರೆಲ್ಲ ಹೇಳಿಕೊಂಡು ಬಂದಿದ್ಲು.

ಲ್ಯಾಬಿನಾಗ ಬೆಳೆಸೋದು ಹ್ಯಾಂಗಂದ್ರ, ಸಲಾಯಿನ್ ಬಾಟ್ಲಿಯ ತಮ್ಮನಂಥ ಒಂದು ಸಣ್ಣ ಗಾಜಿನ ಬಾಟ್ಲಿ, ಅದಕ್ಕ ದಪ್ಪ ರಬ್ಬರ್ ಬಿರಡಿ, ಮ್ಯಾಲ ಅಲ್ಯುಮಿನಿಯಂ ಪಟ್ಟಿ. ಒಳಗ ಊಟ: ಉಪ್ಪುಗಳು, ನವಸಾಗರ, ಸ್ವಲ್ಪ ಗಂಧಕ, ಕಾಣದಷ್ಟು ಕಬ್ಬಿಣ, ಕೋಬಾಲ್ಟ್, ನಿಕ್ಕಲ್. ಆ ಚಿಟಿಕಿ ನಿಕ್ಕಲ್ ಇಲ್ಲಂದ್ರ ಇವುಕ್ಕ ಮೀಥೇನ್ ಮಾಡೋದೇ ಆಗಂಗಿಲ್ಲ. ಎಲ್ಲಾ ಕುದಿಸಿ ಗಾಳಿ ಓಡಿಸಿ, ಸಿಲಿಂಡರಿನಿಂದ ಅವು ತಿನ್ನೋ ಆ ಎರಡೂ ಗ್ಯಾಸು ತುಂಬಿ ಮುಚ್ಚೋದು. ಅದರಾಗ ಒಂದು ಬಣ್ಣಾನೂ ಕಲಸಿರ್ತೇವಿ. ಗಾಳಿ ಇಲ್ಲಂದ್ರ ಬಣ್ಣ ಕಾಣಂಗಿಲ್ಲ. ಗಾಳಿ ಹೊಕ್ಕಿತಂದ್ರ ಗುಲಾಬಿ ಆಗ್ತದ. ಒಂದು ಬಾಟ್ಲ್ಯಾಗ ಬೆಳೆದ ಮ್ಯಾಲ ಸೂಜಿಲೆ ಸ್ವಲ್ಪ ಎಳೆದು ಹೊಸ ಬಾಟ್ಲಿಗಿ ದಾಟಿಸಬೇಕು. ಹಿಂಗ ದಾಟಿಸಿ ದಾಟಿಸಿ ಬದುಕಿದ್ರ ಅವು ಖರೇನೇ ಬೆಳೆದವು ಅಂತ ಲೆಕ್ಕ.

ಸಾಹೇಬರು ಕ್ರಿಸ್ಮಸ್ ಮುಗಿದ ಕೂಡ್ಲೇ ಕರೆದು ಹೇಳಿದ್ರು, "ಈಸ್ಟರ್ ಆಸುಪಾಸು ಹೊರಗಿಂದ ಮೂರು ಮಂದಿ ತಪಾಸಣಿಗಿ ಬರ್ತಾರ. ಅಷ್ಟ್ರಾಗ ಐದು ಸಲ ದಾಟಿಸಿ ಬದುಕಿಸಿ ತೋರಿಸ್ರಿ. ಆಗಲಿಲ್ಲಂದ್ರ ಇದನ್ನೆಲ್ಲ ಮೋರಿಗಿ ಚೆಲ್ಲಿ ಪುಣೆಯಿಂದ ತರಸ್ತೇನಿ. ನೀವು ಮತ್ತ ಗಾಜು ತೊಳಿಯೋ ಖೋಲಿಗಿ ಹೋಗ್ರಿ. ಅಲ್ಲಿ ನಿಮ್ಮ ಕೆಲಸ ಚಂದ ಅದ."

ಗಾಜು ತೊಳಿಯೋದು ಹೀನ ಕೆಲಸ ಅಂತ ನಾ ಯಾವತ್ತೂ ಅಂದಿಲ್ಲ. ಆದ್ರ ಅಲ್ಲಿಂದ ಈ ಸೂಜಿ ತನ ಬರಲಿಕ್ಕ ನನಗ ಆರು ವರ್ಷ ಹಿಡೀತು. ಯಾರೋ ನಕ್ಕೋತ ವಾಪಸ್ ದಬ್ಬಿದ್ರ ಹೋಗೋಳು ನಾನಲ್ಲ.

ಮೊದಲ ಬಾಟ್ಲಿ ಬೆಳೀತು. ಅದರಿಂದ ಎರಡನೇದಕ್ಕ ದಾಟಿಸಿದೆ. ಮರುದಿನ ಮುಂಜಾನಿ ನೋಡಿದ್ರ ನೀರಿನ ಮ್ಯಾಲ ಗುಲಾಬಿ ಬಳಿ ಹಂಗ ಒಂದು ಗೆರಿ. ಸಂಜಿ ಆಗೋದ್ರಾಗ ಪೂರಾ ಗುಲಾಬಿ. ಸತ್ವು. ತಾಯಿ ಬಾಟ್ಲಿ ನೋಡಿದ್ರ ಅದೂ ಗುಲಾಬಿ. ಚಿಗವ್ವನ ಸಗಣಿ ನೀರಿನಿಂದ ಮತ್ತ ಮೊದಲಿಂದ ಮಾಡಿದೆ. ಮತ್ತ ಗುಲಾಬಿ. ಬಿರಡಿ ಖರಾಬ್ ಅವ ಅಂದೆ, ಹೊಸ ಬಿರಡಿ ಬಂದ್ವು. ಸಿಲಿಂಡರ್ ಗ್ಯಾಸಿನಾಗ ಗಾಳಿ ಬೆರಕಿ ಅದ ಅಂದೆ, ಸಿಲಿಂಡರ್ ಬದಲಾತು. ಪಟ್ಟಿ ಸಡಿಲ, ಸೂಜಿ ದಪ್ಪ, ಕುದಿಸಿದ್ದು ಕಮ್ಮಿ. ಕುಣೀಲಾರದಾಕಿ ನೆಲ ಡೊಂಕು ಅಂದಂಗ ಎಲ್ಲಾದಕ್ಕೂ ಹೆಸರಿಟ್ಟೆ, ನನ್ನ ಕೈಗಿ ಬಿಟ್ಟು. ಇನ್ನೊಂದು ತಲಿ ಕೆಡಿಸೋ ಮಾತಂದ್ರ, ಯಾವ ಬಾಟ್ಲಿ ಭಾಳ ಚಂದ ಬೆಳೀತಿತ್ತೋ ಅದೇ ಮೊದಲು ಸಾಯ್ತಿತ್ತು. ಚಹಾದ ಹೊತ್ತಿನ ಆ ಕೈಗುಣದ ಮಾತು ಬಂದಿದ್ದು ಆಗಲೇ.

ಒಂದು ತಿಂಗಳು ಹಿಂಗೇ ಹೋತು.

ನಮ್ಮವ್ವ ಈಗ ಭಾಲ್ಕಿಯಾಗ ನನ್ನ ಕೂಡೇ ಇರ್ತಾಳ. ಸಕ್ಕರಿ ರೋಗ. ದಿನಾ ಮುಂಜಾನಿ ಬಸ್ಸಿಗಿ ಹೋಗೋಕಿಂತ ಮೊದಲು ಆಕಿಗಿ ಇನ್ಸುಲಿನ್ ಹಾಕೋದು ನಾನು. ಆಕಿ ಕೈ ಈಗ ನಡಗ್ತಾವ, ಕಣ್ಣು ಮಾತ್ರ ಹದ್ದಿನವು. ನಾ ಸೂಜಿ ಹಿಡಿದ್ರ ಸಾಕು, ಪರೀಕ್ಷಾ ಖೋಲಿ ಸಾಹೇಬರಂಗ ನೋಡ್ತಾಳ.

ಅವತ್ತೂ ನೋಡಿದ್ಲು. ನಾ ಗಡಬಡಿಲೆ ಸೀಸಿಗಿ ಸೂಜಿ ಚುಚ್ಚಿ ನೇರ ಔಷಧ ಎಳೀಲಿಕ್ಕ ಹೋದೆ.

"ಏ, ಗಾಳಿ ಕೊಟ್ಟೇನು ಮೊದಲ? ಗಾಳಿ ಕೊಡಲಾರದ ಎಳೆದ್ರ ಎಲ್ಲಿಂದ ಬರ್ತದ? ಎಷ್ಟು ಎಳೀತಿ ಅಷ್ಟು ಗಾಳಿ ಒಳಗ ಕೊಡಬೇಕು. ಸಣ್ಣಾಕಿ ಇದ್ದಾಗಿಂದ ಬಡಕೊಂಡೀನಿ."

ಖರೇ ಮಾತು. ಮುಚ್ಚಿದ ಸೀಸಿಯಿಂದ ಔಷಧ ಎಳೀಬೇಕಂದ್ರ ಮೊದಲು ಅಷ್ಟೇ ಗಾಳಿ ಒಳಗ ದಬ್ಬಬೇಕು, ಇಲ್ಲಂದ್ರ ಪಿಸ್ಟನ್ ಬಿಗೀತದ. ಇದು ಪ್ರತಿ ನರ್ಸಿನ ಮೊದಲನೇ ಪಾಠ. ನಾ ಪಿಸ್ಟನ್ ಹಿಂದಕ್ಕ ಎಳೆದು, ಗಾಳಿ ತುಂಬಿ, ಸೀಸಿಗಿ ಚುಚ್ಚಿದೆ. ದಬ್ಬಬೇಕು ಅನ್ನೋದ್ರಾಗ ಕೈ ಅಲ್ಲೇ ನಿಂತಿತು.

ಅಯ್ಯೋ ದೇವರೇ!

ನಮ್ಮ ಮಂದಿ ಬೆಳೆದಂಗ ಬಾಟ್ಲ್ಯಾಗಿನ ಗ್ಯಾಸ್ ತಿಂದು ಮುಗಸ್ತಾವ. ಐದು ಪಾಲು ತಿಂದು ಒಂದು ಪಾಲು ಬಿಡ್ತಾವ. ಅಂದ್ರ ಚಂದ ಬೆಳೆದ ಬಾಟ್ಲಿ ಒಳಗ ಖಾಲಿ ಆಗಿ ಸೂಜಿನೇ ಒಳಗ ಎಳಕೋತದ. ಅದರಿಂದ ನೀರು ಎಳೀಲಿಕ್ಕ ಹೋದ್ರ ಪಿಸ್ಟನ್ ಬರಂಗಿಲ್ಲ. ಬರಲಿಲ್ಲಂದ್ರ ನನ್ನ ಕೈ ಏನು ಮಾಡ್ತಿತ್ತು? ಸೂಜಿ ಹೊರಗ ತೆಗೆದು, ಒಂದು ಗುಟುಕು ಗಾಳಿ ತುಂಬಿ, ಒಳಗ ದಬ್ಬಿ, ಆರಾಮಾಗಿ ಎಳೀತಿತ್ತು. ನನ್ನ ತಲಿಗಿ ಖಬರೇ ಇಲ್ಲ. ತಲಿ ಗಾಳಿ ಓಡಸ್ಲಿಕ್ಕ ಅರ್ಧ ದಿನ ಬೆಂಕಿ ಮುಂದ ಕುಂತಿರ್ತಿತ್ತು, ಕೈ ಎರಡು ಕ್ಷಣದಾಗ ಅದೇ ಗಾಳಿ ವಾಪಸ್ ಕೊಡ್ತಿತ್ತು. ಅವು ಎಷ್ಟು ಚಂದ ಬೆಳೀತಿದ್ವೋ ಅಷ್ಟು ಬಿಗೀತಿತ್ತು. ಎಷ್ಟು ಬಿಗೀತಿತ್ತೋ ಅಷ್ಟು ಗಾಳಿ ನಾ ಕೊಡ್ತಿದ್ದೆ.

"ಯಾಕ ನಿಂತಿ? ಹಾಕು" ಅಂದ್ಲು ಅವ್ವ.

"ಅವ್ವ, ನೀ ಕಲಿಸಿದ ಪಾಠಲೆ ನನ್ನ ಬಾಟ್ಲಿ ಎಲ್ಲಾ ಸತ್ತಾವ" ಅಂದೆ. ನಗು, ಅಳು ಎರಡೂ ಬಂದಿತ್ತು.

ಸಂಗತಿ ಎಲ್ಲಾ ಕೇಳಿದ್ಲು. ತಪ್ಪಾತು ಅಂದಾಳೇನು? ಆಕಿ ಅಂಥಾಕಿ ಅಲ್ಲ. "ನಾ ಮನುಷ್ಯರಿಗಿ ಸೂಜಿ ಹಾಕಿದಾಕಿ. ನನ್ನ ಪಾಠಲೆ ಒಬ್ಬರೂ ಸತ್ತಿಲ್ಲ. ಗಾಳಿ ಕಂಡ್ರ ಸಾಯೋವು ಸಾಕಬೇಕಂದ್ರ ಗಾಳಿ ಬದಲಿ ಅವು ಏನು ಉಣ್ತಾವೋ ಅದು ಕೊಡು. ಎಳೆದಷ್ಟು ಕೊಡಬೇಕು, ಅದು ಪಾಠ. ಗಾಳಿನೇ ಕೊಡು ಅಂತ ನಾ ಎಲ್ಲಿ ಹೇಳಿದೆ?"

ಹೇಳಿದ್ಲು, ಈಗಷ್ಟೇ ಹೇಳಿದ್ಲು. ಆದ್ರ ವಾದ ಮಾಡೋ ಧೈರ್ಯ ಯಾರಿಗದ? ಮತ್ತ ಆಕಿ ಅಂದಿದ್ದೇ ಸರಿ ಇತ್ತು. ಗಾಳಿ ಬದಲಿ ಸಿಲಿಂಡರಿನ ಗ್ಯಾಸು ಕೊಟ್ಟರ ಆತು. ಮೂರು ಸಲ ಗ್ಯಾಸಿಲೆ ಸಿರಿಂಜು ತೊಳೀಬೇಕು, ನಾಲ್ಕನೇ ಸಲ ತುಂಬಿ ಬಾಟ್ಲಿಗಿ ದಬ್ಬಬೇಕು, ಆಮ್ಯಾಲ ಎಳೀಬೇಕು. ದೊಡ್ಡ ಲ್ಯಾಬಿನಾಗ ಇದನ್ನ ಮೊದಲ ದಿನವೇ ಕಲಸ್ತಾರಂತ. ನನಗ ಕಲಸೋರು ಯಾರಿದ್ರು? ಸಾಹೇಬರು ಸೂಜಿ ಮುಟ್ಟಿ ಎಷ್ಟು ವರ್ಷ ಆಗಿತ್ತೋ ಏನೋ.

ಅವ್ವ ತನ್ನ ಟ್ರಂಕಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಕೊಟ್ಲು. ಒಳಗ ಹಳೇ ಗಾಜಿನ ಸಿರಿಂಜು. ಒಗೆಯೋ ಪ್ಲಾಸ್ಟಿಕ್ ಸೂಜಿ ಬರೋಕಿಂತ ಮೊದಲು ಔರಾದಿನ ಹಳ್ಳ್ಯಾಗೆಲ್ಲ ಆಕಿ ಕುದಿಸಿ ಕುದಿಸಿ ಬಳಸಿದ್ದು. ಅದರ ಪಿಸ್ಟನ್ ಎಷ್ಟು ನುಣ್ಣಗಂದ್ರ ಬೆರಳು ಬಿಟ್ಟರ ಜಾರ್ತದ.

ಆ ಡಬ್ಬಿ ಕಂಡ್ರ ನನಗ ಹಳೇ ಸಿಟ್ಟು ಬರ್ತದ. ಸಣ್ಣಾಕಿ ಇದ್ದಾಗ ಅವ್ವನ ಬೆನ್ನ ಹಿಂದ ಹೋಗ್ತಿದ್ದೆ. ಕೆಲವು ಮನ್ಯಾಗ ಅವ್ವನ ಕೈಲೆ ಸೂಜಿ ಹಾಕಿಸ್ಕೋತಿದ್ರು, ಹಡಿಯೋ ಹೊತ್ತಿನಾಗ ಆಕಿ ಕೈ ಗಟ್ಟಿ ಹಿಡಕೋತಿದ್ರು. ಎಲ್ಲಾ ಮುಗಿದ ಮ್ಯಾಲ ಆಕಿ ಕುಡಿಯೋ ನೀರು ಕೇಳಿದ್ರ ಕಟ್ಟಿ ಮ್ಯಾಲೆ ಇಟ್ಟ ಬ್ಯಾರೆ ಗ್ಲಾಸು ತೋರಿಸಿ, "ಒಳಗಿನ ಕೊಡ ಮುಟ್ಟಬ್ಯಾಡ್ರಿ ಸಿಸ್ಟರ್" ಅಂತಿದ್ರು. ಅವ್ವ ಆ ನೀರು ಕುಡೀತಿರಲಿಲ್ಲ. ದಾರ್ಯಾಗ ನನಗ ಹೇಳ್ತಿದ್ಲು, "ನೋಡು, ರಕ್ತದಾಗ ಹೋಗೋ ಸೂಜಿ ನಡೀತದ, ಗಂಟಲದಾಗ ಹೋಗೋ ನೀರು ನಡಿಯಂಗಿಲ್ಲ. ಎಂಥ ಶಾಣ್ಯಾ ಮಂದಿ!" ಆಕಿ ನಕ್ಕೋತ ಹೇಳ್ತಿದ್ಲು. ನನಗ ಅವತ್ತೂ ನಗು ಬರಲಿಲ್ಲ, ಇವತ್ತೂ ಬರಂಗಿಲ್ಲ.

ಮರುದಿನದಿಂದ ಗುಲಾಬಿ ಬಂದ್ ಆತು. ವಾರಕ್ಕೊಂದು ದಾಟಿಸಿದೆ. ಬೆಳೆದ ಬಾಟ್ಲಿಗಿ ಸಿಲಿಂಡರಿನ ಗ್ಯಾಸು ತುಂಬಿದ ಅವ್ವನ ಸಿರಿಂಜು ಚುಚ್ಚಿದ್ರ, ಒಳಗಿನ ಗ್ಯಾಸು ತಿಂದು ಹಸಿದಿದ್ದ ಬಾಟ್ಲಿ ಪಿಸ್ಟನ್ನ ತಾನೇ ಸರ್ರಂತ ಎಳಕೋತಿತ್ತು. ಮೀಥೇನ್ ಅಳೆಯೋ ಯಂತ್ರ ಆಮ್ಯಾಲ ಹೇಳ್ತಿತ್ತು, ನನ್ನ ಬೆರಳಿಗಿ ಮೊದಲೇ ಗೊತ್ತಾಗ್ತಿತ್ತು. ಒಂದು, ಎರಡು. ಮೂರನೇದು ಸ್ವಲ್ಪ ನಿಧಾನ. ನಾಲ್ಕನೇದು ಬೆಳೀಲೇ ಇಲ್ಲ.

ಗುಲಾಬಿ ಇಲ್ಲ, ನೀರು ತಿಳಿ, ಪಿಸ್ಟನ್ ಇದ್ದಲ್ಲೇ. ಎರಡು ವಾರ ಕಾದೆ. ಮತ್ತ ಮಾಡಿದೆ, ಮತ್ತ ಹಂಗೇ. ಗಾಳಿ ಇಲ್ಲ, ಬ್ಯಾನಿ ಇಲ್ಲ, ಸುಮ್ನ ಸಾಯ್ಲಿಕತ್ತಾವ. ಈಸ್ಟರಿಗಿ ಒಂದು ತಿಂಗಳು ಉಳಿದಿತ್ತು.

"ಆತಲ್ಲ ಸಿಸ್ಟರ್" ಅಂದ್ರು ಸಾಹೇಬರು. "ನಾ ಪುಣೆಗಿ ಕಾಗದ ಬರೀತೇನಿ. ಹಟ ಬಿಡ್ರಿ."

"ಬರೀರಿ ಸರ್. ಅದು ಬರೋ ತನ ನನ್ನ ಬಾಟ್ಲಿ ಚೆಲ್ಲಬ್ಯಾಡ್ರಿ, ಅಷ್ಟು ಸಾಕು" ಅಂದೆ.

ಆ ಐತಾರ ಪ್ರಾರ್ಥನಿ ಮುಗಿಸಿ ಮನಿಗಿ ಬಂದ್ವಿ. ನಮ್ಮ ಮನ್ಯಾಗ ಚರ್ಚಿನಿಂದ ಬಂದ ಮ್ಯಾಲ ಬೋಟಿ ಆಗಬೇಕು, ಅದು ಅಜ್ಜನ ಕಾಲದಿಂದ ನಡಕೊಂಡು ಬಂದದ್ದು. ಕಟಗರ ಅಂಗಡಿಯಿಂದ ಆಡಿನ ಹೊಟ್ಟಿ ತಂದಿದ್ದೆ. ಅವ್ವ ಹಿತ್ತಲದಾಗ ಕುಂತು ಅದನ್ನ ಸೀಳಿದ್ಲು. ಒಳಗಿನ ಹಸಿರು ಹುಲ್ಲಿನ ರಸ ತಗಡಿನ ಬುಟ್ಟಿಗಿ ಬಿತ್ತು, ಗುಳುಗುಳು ಗುಳ್ಳಿ ಬಿಡ್ತಾ.

"ಈ ನೀರು ಕರಿಬೇವಿನ ಬುಡಕ್ಕ ಹಾಕು. ಇದರಾಗ ಭಾಳ ಸತ್ವ ಅದ" ಅಂದ್ಲು.

ನಾ ಬುಟ್ಟಿ ಹಿಡಕೊಂಡು ಅಲ್ಲೇ ನಿಂತೆ. ಊಟದ ಚೀಟಿ ನೆನಪಾತು. ಬಾಟ್ಲ್ಯಾಗ ಏನೇನು ಹಾಕಬೇಕು ಅಂತ ಸಾಹೇಬರು ಯಾವುದೋ ಪುಸ್ತಕದಿಂದ ತೆಗೆಸಿದ ಹಾಳಿ. ಅದರ ಕೊನೀ ಸಾಲಿಗಿ ಕೆಂಪು ಪೆನ್ನಿಲೆ ಕಾಟು ಹೊಡೆದಿದ್ರು. ಆ ಸಾಲಿನಾಗ ಇದ್ದದ್ದು ಮೆಲುಕು ಹಾಕೋ ಪ್ರಾಣಿಯ ಹೊಟ್ಟಿಯ ನೀರು, ಸೋಸಿದ್ದು. ಯಾಕ ಹೊಡೆದ್ರಿ ಅಂತ ಆಗ ಕೇಳಿದ್ದೆ. "ಅದೆಲ್ಲ ಗಲೀಜು, ನಮ್ಮ ಲ್ಯಾಬಿಗಿ ಬ್ಯಾಡ. ಉಪ್ಪಿನ ಮ್ಯಾಲೇ ಬೆಳೀತಾವ" ಅಂದಿದ್ರು.

ಬೆಳೀಲಿಲ್ಲಲ್ಲ! ಮೊದಲ ಮೂರು ಬಾಟ್ಲಿ ಯಾಕ ಬೆಳೆದ್ವು ಅಂತ ಈಗ ತಿಳೀತು. ಚಿಗವ್ವನ ಗುಂಡಿಯ ಸಗಣಿ ನೀರು ಒಂದಿಷ್ಟು ಅವುಗಳ ಸಂಗಡವೇ ಬಂದಿತ್ತು. ಗಂಡನ ಮನಿಗಿ ಹೊಂಟ ಮಗಳಿಗಿ ತವರಿನೋರು ಕಟ್ಟಿಕೊಟ್ಟ ಬುತ್ತಿ ಹಂಗ. ಒಂದು ಬಾಟ್ಲಿ ದಾಟಿದ್ರ ಬುತ್ತಿ ಅರ್ಧಕ್ಕಿಂತ ಕಮ್ಮಿ, ಎರಡು ದಾಟಿದ್ರ ಚೂರು, ಮೂರು ದಾಟೋದ್ರಾಗ ಬರೀ ಅರಿವಿ. ಬುತ್ತಿ ಮುಗಿದ ಮ್ಯಾಲ ಹಸಿದು ಸತ್ವು. ನಮ್ಮ ಮಂದಿ ಕೆಲವು ಸಣ್ಣ ಆಮ್ಲ, ಕೆಲವು ಜೀವಸತ್ವ ತಾವೇ ಮಾಡಿಕೊಳ್ಳಲಾರವು, ಹೊಟ್ಟ್ಯಾಗಿನ ನೆರೆಹೊರೆಯವು ಮಾಡಿದ್ದನ್ನ ತಿಂದು ಬದುಕೋವು. ಲ್ಯಾಬಿನ ನೆಲ ಕನ್ನಡಿ ಹಂಗ ಒರೆಸಿ ಇವುಕ್ಕ ಉಪವಾಸ ಕೆಡವಿದ್ವಿ. ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ.

"ಅವ್ವ, ಈ ನೀರು ಕರಿಬೇವಿಗಿ ಇಲ್ಲ, ನನಗ ಬೇಕು."

"ತಗೊಂಡು ಹೋಗು. ಬೋಟಿ ನನಗ ಬಿಡು" ಅಂದ್ಲು.

ನಾಲ್ಕು ಮಡಿಕಿ ಮಾಡಿದ ಹಳೇ ಧೋತರದಾಗ ಸೋಸಿ, ಥರ್ಮಾಸಿನಾಗ ತುಂಬಿ, ಮರುದಿನ ಮುಂಜಾನಿ ಬಸ್ಸು ಹತ್ತಿದೆ. ಬಿರಡಿ ಬಿಗಿ ಇದ್ದಿಲ್ಲ. ಭಾಲ್ಕಿ ದಾಟಿ ಸ್ವಲ್ಪ ಹೋಗೋದ್ರಾಗ ಬಸ್ಸಿನ ತುಂಬ ವಾಸನಿ. ಮುಂದಿನ ಸೀಟಿನ ಹೆಣ್ಣುಮಗಳು ಮೂಗಿಗಿ ಸೆರಗು ಹಿಡಕೊಂಡ್ಲು.

ಕಂಡಕ್ಟರ್ ಬಂದು, "ಅಕ್ಕಾರ, ಅದ್ರಾಗ ಏನದರಿ?" ಅಂತ ಕೇಳಿದ.

"ನಮ್ಮ ಮಂದಿಗಿ ಊಟ ರಿ."

"ಹಿಂಗ ನಾರೋದು ಉಣ್ತಾರೇನ್ರಿ ನಿಮ್ಮ ಮಂದಿ?"

"ಉಣ್ತಾರ್ರಿ. ಉಂಡು ಗ್ಯಾಸ್ ಬಿಡ್ತಾರ" ಅಂದೆ. ಹಿಂದಿನ ಸೀಟಿನವರು ಗೊಳ್ಳಂತ ನಕ್ಕರು. ಕಂಡಕ್ಟರ್ ಟಿಕೀಟು ಹರಿದು ಕೊಟ್ಟು ದೂರ ಹೋಗಿ ನಿಂತ.

ಲ್ಯಾಬಿನಾಗ ಯಾರೂ ನಗಲಿಲ್ಲ. ಸಾಹೇಬರು ಬಾಗಿಲದಾಗೇ ತಡೆದ್ರು.

"ಏನಿದು? ಇದು ಲ್ಯಾಬೋ ಕಸಾಯಿಖಾನಿಯೋ?"

"ಆಡಿನ ಹೊಟ್ಟಿ ನೀರು ರಿ ಸರ್. ನಿಮ್ಮ ಚೀಟಿಯ ಕೊನೀ ಸಾಲು."

"ಅದು ನಾ ಕಾಟು ಹೊಡೆದ ಸಾಲು. ನಿಮ್ಮ ಮನ್ಯಾಗ ಇವೆಲ್ಲ ನಡೀತಿರಬಹುದು, ಇಲ್ಲಿ ನಡಿಯಂಗಿಲ್ಲ."

ನಿಮ್ಮ ಮನ್ಯಾಗ. ಆ ಎರಡು ಶಬ್ದ ಕೇಳಿದ ಮ್ಯಾಲ ನನ್ನ ದನಿ ನನ್ನ ಕೈಯಾಗ ಉಳೀಲಿಲ್ಲ.

"ಸರ್, ಎತ್ತಿನ ಹಿಂದಿಂದ ಬಿದ್ದ ಸಗಣಿ ಈ ಮೇಜಿನ ಮ್ಯಾಲ ನಡೀತದ. ಆಡಿನ ಹೊಟ್ಟ್ಯಾಗಿಂದ ಬಂದ ಹುಲ್ಲಿನ ರಸ ನಡಿಯಂಗಿಲ್ಲೇನ್ರಿ? ಎರಡೂ ಹುಲ್ಲೇ ಅಲ್ಲೇನ್ರಿ? ಹೌದ್ರಿ, ನಮ್ಮ ಮನ್ಯಾಗ ಬೋಟಿ ಮಾಡ್ತೇವಿ, ಉಣ್ತೇವಿ. ಅದಕ್ಕೇ ನನಗ ಗೊತ್ತಾತು. ನಿಮ್ಮ ಮನ್ಯಾಗ ಮಾಡಿದ್ರ ನಿಮಗೂ ಮೊದಲೇ ಗೊತ್ತಾಗ್ತಿತ್ತು."

ಸಾಹೇಬರ ಮುಖ ಕೆಂಪಾತು. ಬ್ಯಾರೆ ದಾರಿ ಹಿಡಿದ್ರು. "ಆಡಿನ ಹೊಟ್ಟ್ಯಾಗೂ ಇಂಥವೇ ಜೀವಿ ಇರ್ತಾವ. ನಾಳಿ ಬೆಳೆದ್ರ ಯಾವುದು ಬೆಳೀತು ಅಂತ ಹೇಳೋರು ಯಾರು?"

ಇದು ಮಾತ್ರ ಸರಿಯಾದ ಪ್ರಶ್ನಿ, ಒಪ್ಪಬೇಕು. "ಮೊದಲು ಪ್ರೆಶರಿನಾಗ ಕುದಿಸಿ ಅವನ್ನೆಲ್ಲ ಕೊಲ್ತೇನ್ರಿ. ಬರೀ ಹೊಟ್ಟಿ ನೀರು ಹಾಕಿದ ಒಂದು ಬಾಟ್ಲಿ ನಮ್ಮ ಮಂದಿಯ ಬೀಜ ಹಾಕಲಾರದ ಪಕ್ಕಕ್ಕ ಇಡ್ತೇನಿ. ಅದೂ ಬೆಳೀತಂದ್ರ ನಾನೇ ಎಲ್ಲಾ ಮೋರಿಗಿ ಚೆಲ್ಲಿ ಗಾಜು ತೊಳೀಲಿಕ್ಕ ಹೋಗ್ತೇನಿ."

"ರಿಜಿಸ್ಟರಿನಾಗ ನಾ ಸಹಿ ಹಾಕಂಗಿಲ್ಲ."

"ನಾ ಹಾಕ್ತೇನ್ರಿ."

ಹಾಕಿದೆ. ಊಟದ ಖಾನ್ಯಾಗ ದೊಡ್ಡ ಅಕ್ಷರದಾಗ "ಬೋಟಿ ನೀರು" ಅಂತಲೇ ಬರೆದೆ. ಮರ್ಯಾದಿ ಶಬ್ದ ನನಗೂ ಗೊತ್ತಿತ್ತು. ಬರೀಲಿಲ್ಲ.

ಮೂರನೇ ಬಾಟ್ಲಿ ಇನ್ನೂ ಜೀವ ಹಿಡಕೊಂಡಿತ್ತು. ಅದರಿಂದ ನಾಲ್ಕನೇದಕ್ಕ ದಾಟಿಸಿದೆ. ಆರನೇ ದಿನ ಸೂಜಿ ಚುಚ್ಚಿದೆ. ಪಿಸ್ಟನ್ ಸರ್ರಂತ ಒಳಗ ಹೋತು. ಬೀಜ ಇಲ್ಲದ ಬಾಟ್ಲಿಗಿ ಚುಚ್ಚಿದೆ, ಇದ್ದಲ್ಲೇ ನಿಂತಿತು. ನಾ ಕೈಯಾಗ ಸಿರಿಂಜು ಹಿಡಕೊಂಡೇ ಅಲ್ಲಿ ಸ್ಟೂಲಿನ ಮ್ಯಾಲ ಕುಂತು ಅತ್ತೆ. ಯಾರಾದ್ರೂ ನೋಡಿದ್ರೇನೋ, ನೋಡಲಿ. ಮುಂದಿನ ವಾರ ಐದನೇದು. ಅದು ನಾಲ್ಕನೇದಕ್ಕಿಂತ ಜೋರು.

ಪುಣೆಯ ಕಾಗದ ಏನಾತು ಅಂತ ನಾ ಕೇಳಲಿಲ್ಲ, ಅವರು ಹೇಳಲಿಲ್ಲ.

ಈಸ್ಟರ್ ಆಗಿ ಎರಡು ದಿನಕ್ಕ ಮೂರು ಮಂದಿ ಬಂದ್ರು, ಇಬ್ಬರು ಗಂಡಸರು, ಒಬ್ಬರು ವಯಸ್ಸಾದ ಹೆಣ್ಣುಮಗಳು. ಸಾಹೇಬರು ಹೊಸ ಅಂಗಿ ಹಾಕಿಕೊಂಡಿದ್ರು. "ಔರಾದ್ ಭಾಗದ ದೇಸಿ ತಳಿ, ಐದು ಪೀಳಿಗಿ ನಾವು ದಾಟಿಸೀವಿ" ಅಂತ ಹೇಳಿದ್ರು. ನಾವು! ನಾ ಗ್ವಾಡಿಗಿ ಬೆನ್ನ ಹಚ್ಚಿ ನಿಂತಿದ್ದೆ. ಅಷ್ಟ್ರಾಗ ಆ ಹೆಣ್ಣುಮಗಳು, "ಆರನೇದು ನಮ್ಮ ಮುಂದ ದಾಟಿಸಿ ತೋರಿಸ್ತೀರೇನ್ರಿ?" ಅಂದ್ರು.

"ಯಾಕಾಗಬಾರದು" ಅಂದ್ರು ಸಾಹೇಬರು. ನನ್ನ ಕಡಿ ನೋಡಲೂ ಇಲ್ಲ. ಕೈಗವಸು ತೊಟ್ಟು, ಅವ್ವನ ಸಿರಿಂಜು ಎತ್ತಿಕೊಂಡು, ಐದನೇ ಬಾಟ್ಲಿಗಿ ಚುಚ್ಚಿ ಎಳೆದ್ರು. ಬರಲಿಲ್ಲ. ಮತ್ತ ಎಳೆದ್ರು. ಪಿಸ್ಟನ್ ಬಿಗಿದು ಕುಂತಿತ್ತು. ಹಣಿ ಮ್ಯಾಲ ಬೆವರು ಬಂತು. ಎಲ್ಲರೂ ನೋಡ್ಲಿಕತ್ತಾರ. ಸೂಜಿ ಹೊರಗ ತೆಗೆದ್ರು. ಪಿಸ್ಟನ್ ಹಿಂದಕ್ಕ ಎಳೆದ್ರು. ಸಿರಿಂಜಿನ ತುಂಬ ಗಾಳಿ. ಅದನ್ನ ಹಂಗೇ ಬಾಟ್ಲಿ ಕಡಿ ತಂದ್ರು.

ಸುಮ್ನ ನಿಂತಿದ್ರ ಮರುದಿನ ಎಲ್ಲಾ ಗುಲಾಬಿ ಆಗ್ತಿತ್ತು, ಕೈಗುಣ ಯಾರದು ಅಂತ ಊರಿಗೆಲ್ಲ ಗೊತ್ತಾಗ್ತಿತ್ತು. ಖರೇ ಹೇಳ್ತೇನಿ, ಒಂದು ಕ್ಷಣ ಆ ಆಸಿ ನನಗ ಬಂತು. ಆದ್ರ ಆ ಬಾಟ್ಲ್ಯಾಗ ಇದ್ದವು ನಮ್ಮ ಮಂದಿ.

ಎರಡು ಹೆಜ್ಜಿ ಹಾಕಿ ಅವರ ಮುಂಗೈ ಹಿಡಿದೆ. "ಸರ್, ಗಾಳಿ."

"ಏನು?"

"ನಿಮ್ಮ ಕೈಯಾಗ ಗಾಳಿ ಅದರಿ. ಹಾಕಿದ್ರ ಸಾಯ್ತಾವ. ಕೊಡ್ರಿ ಇಲ್ಲಿ."

ಅವರು ಕೊಡಲಿಲ್ಲ. ನಾನೇ ಬೆರಳು ಬಿಡಿಸಿ ತಗೊಂಡೆ. ಗಾಳಿ ಹೊರಗ ದಬ್ಬಿದೆ. ಸಿಲಿಂಡರಿನ ಗ್ಯಾಸಿಲೆ ಒಂದು ಸಲ, ಎರಡು ಸಲ, ಮೂರು ಸಲ ತೊಳೆದೆ. ನಾಲ್ಕನೇ ಸಲ ತುಂಬಿ ಬಾಟ್ಲಿಗಿ ಚುಚ್ಚಿದೆ. ಪಿಸ್ಟನ್ ತಾನೇ ಸರ್ರಂತ ಒಳಗ ಹೋತು, ಆ ಹೆಣ್ಣುಮಗಳು "ಅಬ್ಬಾ" ಅಂದ್ರು. ಬಾಟ್ಲಿ ಬೋರಲು ಮಾಡಿ ಬೇಕಾದಷ್ಟು ಎಳೆದು ಆರನೇ ಬಾಟ್ಲಿಗಿ ಹಾಕಿದೆ.

"ಎಲ್ಲಿ ಕಲಿತ್ರಿ ಇದನ್ನ?" ಅಂತ ಕೇಳಿದ್ರು ಆ ಹೆಣ್ಣುಮಗಳು.

"ನಮ್ಮವ್ವ ನರ್ಸು ಇದ್ಲು ರಿ, ಔರಾದ್ ಕಡಿ" ಅಂದೆ. ಅವರು ರಿಜಿಸ್ಟರ್ ತೆರೆದು ಬೋಟಿ ನೀರಿನ ಸಾಲು ಓದಿದ್ರು, ಕೆಳಗಿನ ಸಹಿ ಓದಿದ್ರು, ಆಮ್ಯಾಲ ನನ್ನ ಮುಖ ನೋಡಿದ್ರು. ಸಾಹೇಬರು ಕೈಗವಸು ತೆಗೀಲಿಕ್ಕ ಹತ್ತಿದ್ರು.

ಮರುದಿನ ನಾ ಬಸ್ಸು ಇಳಿದು ಬರೋದ್ರಾಗ ಸಾಹೇಬರು ಬಾಟ್ಲಿ ಬೆಚ್ಚಗಿಟ್ಟು ಬೆಳೆಸೋ ಪೆಟ್ಟಿಗಿ ಮುಂದ ನಿಂತಿದ್ರು. 'ಸಿಸ್ಟರ್' ಅನ್ನಲಿಲ್ಲ. "ಆರನೇದು ಹ್ಯಾಂಗ ಅದರಿ?" ಅಂತ ಮೆಲ್ಲಗ ಕೇಳಿದ್ರು.

ಬಾಗಿಲು ತೆಗೆದು ತೋರಿಸಿದೆ. ನೀರು ನೀರಿನಂಗ ಇತ್ತು, ಎಲ್ಲೂ ಗುಲಾಬಿ ಇಲ್ಲ. ಅವರ ಕೈ ಬಾಟ್ಲಿ ಕಡಿ ಹೋತು.

"ನೋಡ್ರಿ ಸರ್" ಅಂದೆ. "ಮುಟ್ಟಬ್ಯಾಡ್ರಿ."